ಗುಂಡು ಹಾರಿದ ಮೇಲೆ ಕಾನೂನು ಕೇಳುವ ಪ್ರಶ್ನೆಗಳು

ಮುಂಬಯಿ, ನವಿ ಮುಂಬಯಿ, ಪುಣೆಯ ಕನ್ನಡಿಗರಲ್ಲಿ ಪರವಾನಿಗೆ ಪಡೆದು ರಿವಾಲ್ವರ್ ಅಥವಾ ಪಿಸ್ತೂಲು ಇಟ್ಟುಕೊಂಡವರು ಬಹಳ ಮಂದಿ ಇಲ್ಲ. ಹಾಗೆಂದು ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. 1990ರ ದಶಕದಲ್ಲಿ ಹಫ್ತಾ ಬೇಡಿಕೆಯ ಕರೆಗಳು ಹೊಟೇಲು, ಬಾರ್, ಕಟ್ಟಡ ನಿರ್ಮಾಣ ಮತ್ತು ಚಿನ್ನಾಭರಣ ವ್ಯವಹಾರದವರ ನಿದ್ದೆಗೆಡಿಸಿದ್ದ ದಿನಗಳಲ್ಲಿ ಆಯುಧದ ಪರವಾನಿಗೆಗಾಗಿ ಪೊಲೀಸ್ ಆಯುಕ್ತರ ಕಚೇರಿಯ ಮೆಟ್ಟಿಲು ಹತ್ತಿದವರಲ್ಲಿ ತುಳು-ಕನ್ನಡಿಗ ಉದ್ಯಮಿಗಳೂ ಇದ್ದರು. 1999ರಲ್ಲಿ ಮಹಾರಾಷ್ಟ್ರ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, ಅಂದರೆ ಮೋಕಾ ಬಂತು. ಕಾಲಕ್ರಮೇಣ ಆ ಹಾವಳಿ ತಗ್ಗಿತು. ಕಪಾಟಿನೊಳಗಿನ ಆಯುಧ ಮಾತ್ರ ಹಲವರ ಮನೆಯಲ್ಲಿ ಹಾಗೆಯೇ ಉಳಿಯಿತು. ಇನ್ನು ಊರಿನ ಕಡೆ, ದಕ್ಷಿಣ ಕನ್ನಡ, ಉಡುಪಿ, ಮಲೆನಾಡಿನ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ಹಿಂದಿನಿಂದಲೂ ಇದೆ. ಕೊಡಗಿನ ಮಾತಂತೂ ಬೇರೆಯೇ.

ಪರವಾನಿಗೆ ಪಡೆಯುವುದು ಸುಲಭವಲ್ಲ. ಅರ್ಜಿ, ಪೊಲೀಸ್ ಪರಿಶೀಲನೆ, ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಿತ ಬಳಕೆಯ ತರಬೇತಿ ಎಂದು ತಿಂಗಳುಗಟ್ಟಲೆ ಓಡಾಟ. ಆದರೆ ಈ ಓಡಾಟದಲ್ಲಿ ಯಾರೂ ಕೇಳದ, ಯಾರೂ ಹೇಳಿಕೊಡದ ಒಂದು ವಿಷಯವಿದೆ. ಜೀವ ಉಳಿಸಿಕೊಳ್ಳಲು ಎಂದಾದರೂ ಒಂದು ದಿನ ಗುಂಡು ಹಾರಿಸಲೇಬೇಕಾಗಿ ಬಂದರೆ ಅದರ ಮರುಗಳಿಗೆಯಲ್ಲಿ ಏನು ಮಾಡಬೇಕು? ದಾಳಿಯಿಂದ ಪಾರಾದವನು ಮೊಕದ್ದಮೆಯಿಂದ ಪಾರಾಗುವುದು ಹೇಗೆ? ಕೋವಿ ಹಿಡಿಯಲು ಕಲಿತವರಲ್ಲಿ ಹೆಚ್ಚಿನವರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಗುಂಡು ಹಾರಲು ಒಂದು ಕ್ಷಣ ಸಾಕು. ಅದು ಸರಿಯಾಗಿತ್ತೇ ಎಂದು ತೀರ್ಮಾನವಾಗಲು ಹತ್ತು ಹದಿನೈದು ವರ್ಷ ಬೇಕಾದ ಉದಾಹರಣೆಗಳಿವೆ. ಆ ವರ್ಷಗಳ ಗತಿಯನ್ನು ಬಹುಪಾಲು ನಿರ್ಧರಿಸುವುದು ಮೊದಲ ಒಂದೆರಡು ಗಂಟೆಗಳಲ್ಲಿ ಆತ ಮಾಡಿದ್ದು, ಆಡಿದ್ದು ಮತ್ತು ಉಳಿಸಿಕೊಂಡದ್ದು.

ಹಕ್ಕಿನ ಬಗ್ಗೆ ಸಂಶಯ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿವೆ. ಅದಕ್ಕೆ ಮೊದಲಿನ ಘಟನೆಗಳಿಗೆ ಹಳೆಯ ದಂಡ ಸಂಹಿತೆಯ 96ರಿಂದ 106ರ ಕಲಮುಗಳೇ ಅನ್ವಯ. ಎರಡರ ಸಾರವೂ ಹೆಚ್ಚು ಕಡಿಮೆ ಒಂದೇ. ತನ್ನ ಮೈಯನ್ನಷ್ಟೇ ಅಲ್ಲ, ಇನ್ನೊಬ್ಬರ ಮೈಯನ್ನೂ, ತನ್ನ ಮತ್ತು ಇತರರ ಆಸ್ತಿಯನ್ನೂ ರಕ್ಷಿಸುವ ಹಕ್ಕು ಇದರಲ್ಲಿ ಸೇರಿದೆ. ಕೊಲ್ಲುವ ಇಲ್ಲವೇ ತೀವ್ರ ಗಾಯಗೊಳಿಸುವ ದಾಳಿ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಮುಂತಾದ ಸಂದರ್ಭಗಳಲ್ಲಿ ದಾಳಿಕೋರನ ಸಾವಿನವರೆಗೂ ಹಕ್ಕು ಚಾಚುತ್ತದೆ ಎಂದು 38ನೇ ಕಲಂ ಹೇಳುತ್ತದೆ. ಆಸ್ತಿಯ ವಿಷಯದಲ್ಲಿ 41ನೇ ಕಲಂ ಇನ್ನಷ್ಟು ಬಿಗಿ. ದರೋಡೆ, ಸೂರ್ಯಾಸ್ತದ ಬಳಿಕ ಸೂರ್ಯೋದಯಕ್ಕೆ ಮೊದಲು ನಡೆಯುವ ಕನ್ನಗಳವು, ವಾಸದ ಮನೆಗೆ ಬೆಂಕಿ ಹಚ್ಚುವುದು, ಅಥವಾ ಸಾವು ಇಲ್ಲವೇ ತೀವ್ರ ಗಾಯದ ಭಯ ಹುಟ್ಟಿಸುವಂತಹ ಕಳವು, ಅತಿಕ್ರಮಣ ಇವಿಷ್ಟಕ್ಕೆ ಮಾತ್ರ ಅಲ್ಲಿ ಜಾಗ.

ಹಾಗಾಗಿ ರಾತ್ರಿ ಗಲ್ಲಾ ಮುಚ್ಚುವ ಹೊತ್ತಿಗೆ ಚೂರಿ ಹಿಡಿದು ನುಗ್ಗಿದವನ ವಿಷಯ ಒಂದು. ನೋಟಿನ ಕಟ್ಟು ಎತ್ತಿಕೊಂಡು ರಸ್ತೆಯಲ್ಲಿ ಓಡುತ್ತಿರುವವನ ವಿಷಯ ಇನ್ನೊಂದು. ಚೂರಿ ಎದುರಿಗಿದ್ದಾಗ ಇದ್ದ ಪ್ರಾಣರಕ್ಷಣೆಯ ಹಕ್ಕು ಆತ ಬೆನ್ನು ತಿರುಗಿಸಿ ಓಡತೊಡಗಿದಾಗ ಉಳಿಯುವುದಿಲ್ಲ. ಹೋದ ಹಣವನ್ನು ಮರಳಿ ಪಡೆಯಲು ಕಾನೂನಿನಲ್ಲಿ ಅವಕಾಶವಿದ್ದರೂ ಓಡುವವನ ಬೆನ್ನಿಗೆ ಗುಂಡಿಕ್ಕುವುದನ್ನು ಸಮರ್ಥಿಸಿಕೊಳ್ಳುವುದು ಬಹಳ ಕಷ್ಟ. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಎಲ್ಲಿಂದ ಹೊಕ್ಕಿತು, ಎಷ್ಟು ದೂರದಿಂದ ಹಾರಿತು ಎಂಬುದು ಗೊತ್ತಾಗುತ್ತದೆ. ಬೆನ್ನಿಗೆ ಬಿದ್ದ ಗುಂಡಿಗೆ ನ್ಯಾಯಾಲಯದಲ್ಲಿ ವಿವರಣೆ ಕೊಡುವುದು ಹುಡುಗಾಟವಲ್ಲ. ಅಡಿಕೆ ಕದಿಯಲು ತೋಟಕ್ಕೆ ನುಗ್ಗಿದವನ ಬಗ್ಗೆಯೂ ಊರಲ್ಲಿ ತಪ್ಪು ತಿಳಿವಳಿಕೆ ಬಹಳ. ತೆರೆದ ಜಮೀನಿಗೆ ಅತಿಕ್ರಮ ಪ್ರವೇಶ ಮಾಡಿದ ಮಾತ್ರಕ್ಕೆ ಕೊಲ್ಲುವಷ್ಟು ಹಕ್ಕು ಚಾಚುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2002ರ ಜಸ್ಸಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಂದಿ ಎಂದು ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿಗಳು ಕೊಡಗು-ಮಲೆನಾಡಿನಿಂದ ಆಗಾಗ ಬರುತ್ತವೆ. ಅವು ಆತ್ಮರಕ್ಷಣೆಯ ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ಮಿತಿ 37ನೇ ಕಲಮಿನದು. ಪೊಲೀಸರ ನೆರವು ಪಡೆಯಲು ಸಮಯವಿದ್ದಲ್ಲಿ ಹಕ್ಕಿಲ್ಲ; ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಆದರೆ ಇಲ್ಲಿ ನ್ಯಾಯಾಲಯಗಳು ಮನುಷ್ಯನ ಸ್ವಭಾವವನ್ನು ಮರೆತಿಲ್ಲ. ಪ್ರಾಣಕ್ಕೆ ಬಂದಾಗ ಇಷ್ಟೇ ಸಾಕು, ಇಷ್ಟು ಹೆಚ್ಚಾಯಿತು ಎಂದು ಚಿನ್ನದ ತಕ್ಕಡಿಯಲ್ಲಿ ತೂಗಿ ನೋಡುವಂತಿಲ್ಲ ಎಂಬ ಮಾತನ್ನು ಸರ್ವೋಚ್ಚ ನ್ಯಾಯಾಲಯ ಹಲವು ಬಾರಿ ಹೇಳಿದೆ. ಎದುರು ನಿಂತವನು ಓಡಿಹೋಗಲೇಬೇಕಿತ್ತು ಎಂದೂ ಅದು ನಿರೀಕ್ಷಿಸುವುದಿಲ್ಲ. ಸದ್ಭಾವನೆಯಿಂದಲೇ ವರ್ತಿಸಿ ಮಿತಿ ದಾಟಿದ್ದರೆ ಅದು ಕೊಲೆಯ ಬದಲು ಕೊಲೆಯಲ್ಲದ ನರಹತ್ಯೆಯಾಗುತ್ತದೆ. ಶಿಕ್ಷೆ ಕಡಿಮೆಯಾಗಬಹುದು, ಆದರೆ ಆಗಲೂ ಜೈಲು ತಪ್ಪುವುದಿಲ್ಲ.

ಇಷ್ಟೆಲ್ಲ ಹಕ್ಕಿದ್ದರೂ ಹೆಚ್ಚಿನವರು ಬೆಚ್ಚಿಬೀಳುವುದು ಪೊಲೀಸರು ಕೊಲೆ ಪ್ರಕರಣವನ್ನೇ ದಾಖಲಿಸಿಕೊಂಡಾಗ. 'ಮನೆಗೆ ನುಗ್ಗಿದವನು ಅವನು, ಆರೋಪಿ ಇವನೇ?' ಎಂಬ ಪ್ರಶ್ನೆ ಸಹಜ. ಆದರೆ ಒಬ್ಬ ಮನುಷ್ಯ ಗುಂಡೇಟಿನಿಂದ ಸತ್ತಿದ್ದಾನೆ ಎಂದ ಮೇಲೆ ಪ್ರಥಮ ಮಾಹಿತಿ ವರದಿ ದಾಖಲಾಗಲೇಬೇಕು. ಅದು ಆತ್ಮರಕ್ಷಣೆಯೋ ಅಲ್ಲವೋ ಎಂಬುದನ್ನು ಕೊನೆಯದಾಗಿ ಹೇಳುವುದು ನ್ಯಾಯಾಲಯ, ಠಾಣೆಯ ಅಧಿಕಾರಿಯಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಂತೆ, ತನ್ನದು ಆತ್ಮರಕ್ಷಣೆ ಎಂದು ತೋರಿಸುವ ಹೊಣೆ ಆರೋಪಿಯ ಮೇಲೆಯೇ ಇದೆ. ಹೊರೆ ತೀರಾ ಭಾರದ್ದಲ್ಲ ಎನ್ನುವುದು ಸಮಾಧಾನದ ಸಂಗತಿ. 1968ರ ಮುನ್ಶಿ ರಾಮ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದಂತೆ, ಸರ್ಕಾರಿ ಪಕ್ಷದ ಹಾಗೆ ಸಂಶಯಾತೀತವಾಗಿ ಸಾಬೀತುಪಡಿಸಬೇಕಿಲ್ಲ. ಹಾಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿದರೆ ಸಾಕು. ಸರ್ಕಾರಿ ಪಕ್ಷದ ಸಾಕ್ಷಿಗಳ ಬಾಯಿಂದಲೇ ಅದು ಹೊರಬಿದ್ದರೂ ನಡೆಯುತ್ತದೆ.

ಆದರೆ ಸಾಕ್ಷ್ಯವೇ ಇಲ್ಲದಿದ್ದರೆ ಸಂಭವ ತೋರುವುದು ಎಲ್ಲಿಂದ? ಕೇರಳದ ಜೇಮ್ಸ್ ಮಾರ್ಟಿನ್ ಪ್ರಕರಣವನ್ನು ವ್ಯಾಪಾರಸ್ಥರು ತಿಳಿದಿರಬೇಕು. 1988ರ ಮಾರ್ಚ್‌ನಲ್ಲಿ ಭಾರತ ಬಂದ್ ದಿನ ತಂದೆ-ಮಗನ ಹಿಟ್ಟಿನ ಗಿರಣಿಗೆ ಅದನ್ನು ಮುಚ್ಚಿಸಲು ಬಂದವರೊಂದಿಗೆ ಘರ್ಷಣೆ ನಡೆಯಿತು. ಗುಂಡು ಹಾರಿತು, ಇಬ್ಬರು ಸತ್ತರು. ಕೆಳಗಿನ ನ್ಯಾಯಾಲಯಗಳು ಶಿಕ್ಷೆ ವಿಧಿಸಿದವು. ಅದು ಆತ್ಮರಕ್ಷಣೆಯೇ ಎಂದು ಸರ್ವೋಚ್ಚ ನ್ಯಾಯಾಲಯ ಬಿಡುಗಡೆ ಮಾಡಿದ್ದು 2003ರ ಡಿಸೆಂಬರಿನಲ್ಲಿ. ಲೆಕ್ಕ ಹಾಕಿದರೆ 15 ವರ್ಷ. ಪಂಜಾಬಿನ ದರ್ಶನ್ ಸಿಂಗ್ ಪ್ರಕರಣವೂ ಹೀಗೆಯೇ. ಜಮೀನಿನ ತಗಾದೆಯಲ್ಲಿ ತಂದೆಯ ತಲೆಗೆ ಗಂಡಾಸೆಯ ಏಟು ಬಿದ್ದಾಗ ಮಗ ಪರವಾನಿಗೆಯ ಬಂದೂಕಿನಿಂದ ಗುಂಡು ಹಾರಿಸಿದ. ಸೆಷನ್ಸ್ ನ್ಯಾಯಾಲಯ ಬಿಟ್ಟಿತು, ಉಚ್ಚ ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಸರ್ವೋಚ್ಚ ನ್ಯಾಯಾಲಯ 2010ರ ಜನವರಿಯಲ್ಲಿ ಮತ್ತೆ ಬಿಟ್ಟಿತು. ಘಟನೆ ನಡೆದದ್ದು 1991ರಲ್ಲಿ. ಗೆದ್ದವರ ಕತೆಯೇ ಹೀಗಿರುವಾಗ ಸಾಕ್ಷ್ಯ ಉಳಿಸಿಕೊಳ್ಳದವರ ಪಾಡು ಏನು ಎಂಬುದನ್ನು ಊಹಿಸಬಹುದು.

ಆದ್ದರಿಂದ ಮೊದಲ ಗಂಟೆಯ ಮಾತು. ಅಪಾಯ ಮುಗಿದಿದೆ ಎಂದು ಖಾತ್ರಿಯಾದ ತಕ್ಷಣ 112ಕ್ಕೆ ಕರೆ ಹೋಗಬೇಕು. ಅದೂ ಗುಂಡು ಹಾರಿಸಿದವನದೇ ಅಥವಾ ಆತನ ಮನೆಯವರದೇ ಕರೆ ಮೊದಲಾಗಬೇಕು. ಹೇಳಬೇಕಾದದ್ದು ನಾಲ್ಕೇ ಮಾತು: ದಾಳಿ ನಡೆಯಿತು, ಪ್ರಾಣ ಉಳಿಸಿಕೊಳ್ಳಲು ಗುಂಡು ಹಾರಿಸಬೇಕಾಯಿತು, ವಿಳಾಸ ಇದು, ಆಂಬುಲೆನ್ಸ್ ಬೇಕು. ಬಿದ್ದವನು ದರೋಡೆಕೋರನೇ ಆಗಿರಲಿ, ಅವನಿಗೆ ಆಂಬುಲೆನ್ಸ್ ಕರೆಯುವುದು ಮಾನವೀಯತೆ. ಕಾನೂನಿನ ದೃಷ್ಟಿಯಲ್ಲಿ, ಉದ್ದೇಶ ಕೊಲ್ಲುವುದಾಗಿರಲಿಲ್ಲ ಎಂಬುದಕ್ಕೆ ಅದೇ ಮೊದಲ ಗುರುತು. ಆಯುಧವನ್ನು ಸುರಕ್ಷಿತವಾಗಿ ಕೆಳಗಿಟ್ಟು ಪೊಲೀಸರು ಬರುವವರೆಗೆ ಕಾಯಬೇಕು. ಕೋವಿ ಹಿಡಿದೇ ಬಾಗಿಲಲ್ಲಿ ನಿಂತು ಪೊಲೀಸರನ್ನು ಎದುರುಗೊಳ್ಳುವುದು ಹೊಸ ಅಪಾಯವನ್ನು ಕರೆದಂತೆ. ಇನ್ನೂ ಅಪಾಯವಿದ್ದರೆ ಅಲ್ಲಿಂದ ದೂರ ಸರಿಯಬಹುದು. ಆಗ ಹೋಗಬೇಕಾದದ್ದು ಹತ್ತಿರದ ಠಾಣೆಗೆ. ಊರಿನ ಬಸ್ಸು ಹತ್ತಿದರೆ ಅದು ತಲೆಮರೆಸಿಕೊಂಡಂತೆಯೇ ಆಗುತ್ತದೆ.

ಯಾವುದನ್ನೂ ಮುಟ್ಟಬಾರದು ಎನ್ನುವುದು ಹೇಳಲು ಸುಲಭ. ಹೊಟೇಲಿನಲ್ಲಿ ಏನಾದರೂ ಚೆಲ್ಲಿದರೆ ಮರುನಿಮಿಷವೇ ಹುಡುಗ ಒರೆಸುವ ಬಟ್ಟೆ, ಬಾಲ್ದಿ ಹಿಡಿದು ಬರುತ್ತಾನೆ. ಅದು ಅವನಿಗೆ ಕಲಿಸಿದ ಅಭ್ಯಾಸ. ಇಲ್ಲಿ ಅದೇ ಅಭ್ಯಾಸ ಧಣಿಯ ಕುತ್ತಿಗೆಗೆ ಬರಬಹುದು. ಬಿದ್ದ ರಕ್ತ, ಖಾಲಿ ತೋಟೆ, ಒಡೆದ ಗಾಜು, ಮುರಿದ ಚಿಲಕ, ದಾಳಿಕೋರನ ಕೈಯಿಂದ ಜಾರಿದ ಚೂರಿ ಎಲ್ಲವೂ ಬಿದ್ದಲ್ಲೇ ಇರಬೇಕು. ಚೂರಿಯನ್ನು ಇನ್ನಷ್ಟು ಹತ್ತಿರ ಸರಿಸಿಟ್ಟರೆ ಕೇಸು ಗಟ್ಟಿಯಾದೀತು ಎಂದು ಸಲಹೆ ಕೊಡುವ ಮಹಾನುಭಾವರೂ ಇರುತ್ತಾರೆ. ನಿಜವಾದ ಆತ್ಮರಕ್ಷಣೆಯನ್ನು ಹಾಳುಮಾಡಲು ಅಷ್ಟು ಸಾಕು, ಏಕೆಂದರೆ ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಸಾಕ್ಷ್ಯ ನಾಶ ಸಂಹಿತೆಯ 238ನೇ ಕಲಮಿನಂತೆ ಪ್ರತ್ಯೇಕ ಅಪರಾಧ ಕೂಡ. ಕೈ ತೊಳೆಯುವುದು, ಬಟ್ಟೆ ಬದಲಿಸಿ ಒಗೆಯಲು ಹಾಕುವುದು ಬೇಡ. ಹರಿದ ಅಂಗಿಯೇ ಹೊಯ್‌ಕೈಗೆ ಸಾಕ್ಷಿ.

ಸಿಸಿಟಿವಿ ಈಗ ಸಣ್ಣ ಉಡುಪಿ ಹೊಟೇಲಿನಲ್ಲೂ ಇದೆ. ಆದರೆ ಅದರ ಡಿವಿಆರ್ ಪೆಟ್ಟಿಗೆ ತುಂಬಿದ ಮೇಲೆ ಹಳೆಯ ದೃಶ್ಯಗಳನ್ನು ತಾನೇ ಅಳಿಸಿ ಹೊಸದನ್ನು ಬರೆಯುತ್ತದೆ ಎಂಬುದು ಬಹುತೇಕರ ಗಮನದಲ್ಲಿರುವುದಿಲ್ಲ. ಅದನ್ನು ಪೊಲೀಸರು ವಶಪಡಿಸಿಕೊಳ್ಳುವಂತೆ ಲಿಖಿತವಾಗಿ ಕೋರಬೇಕು, ಕೊಟ್ಟದ್ದಕ್ಕೆ ರಶೀದಿ ಪಡೆಯಬೇಕು. ಪ್ರತಿ ತೆಗೆದಿಟ್ಟುಕೊಂಡರೆ ಅದರೊಂದಿಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ. ಪಕ್ಕದ ಅಂಗಡಿಯ ಕ್ಯಾಮರಾ, ಎದುರಿನ ಹೌಸಿಂಗ್ ಸೊಸೈಟಿಯ ಗೇಟಿನ ಕ್ಯಾಮರಾಗಳನ್ನೂ ಮರೆಯುವಂತಿಲ್ಲ. ಕ್ಯಾಮರಾಕ್ಕಿಂತ ಬೇಗ ಕಾಣೆಯಾಗುವವರು ಕೆಲಸಗಾರರು. ಘಟನೆ ಕಂಡ ಹುಡುಗ ಹೆದರಿ ಮರುದಿನವೇ ಉತ್ತರ ಪ್ರದೇಶಕ್ಕೋ ಒಡಿಶಾಕ್ಕೋ ಕುಂದಾಪುರಕ್ಕೋ ರೈಲು ಹತ್ತುತ್ತಾನೆ. ಐದು ವರ್ಷಗಳ ನಂತರ ಸಾಕ್ಷಿ ಹೇಳಲು ಅವನನ್ನು ಹುಡುಕುವುದೆಂದರೆ ಸಮುದ್ರದಲ್ಲಿ ಉಪ್ಪಿನ ಹರಳು ಹುಡುಕಿದಂತೆ. ಯಾರು ಯಾರು ಇದ್ದರು, ಅವರ ಊರಿನ ವಿಳಾಸವೇನು ಎಂಬುದನ್ನು ಅಂದೇ ಬರೆದಿಟ್ಟುಕೊಂಡು ವಕೀಲರ ಮೂಲಕ ತನಿಖಾಧಿಕಾರಿಗೆ ಕೊಡಬೇಕು. ಸಾಕ್ಷಿಗೆ ಹೀಗೆ ಹೇಳು, ಹಾಗೆ ಹೇಳು ಎಂದು ಪಾಠ ಮಾಡುವುದು ಮಾತ್ರ ಕೂಡದು.

ಗುಂಡು ಹಾರಿಸಿದವನ ಮೈಮೇಲಿನ ಗಾಯವೂ ಸಾಕ್ಷ್ಯವೇ. ಎರಡು ದಿನದಲ್ಲಿ ಮಾಯುವ ಪರಚುಗಾಯ, ಕತ್ತಿನ ಮೇಲಿನ ಬೆರಳಚ್ಚು, ತಲೆಯ ಬಾವು ಇವೆಲ್ಲ ಅಂದೇ ವೈದ್ಯರ ದಾಖಲೆಗೆ ಸೇರಬೇಕು. 'ಇದೇನು ದೊಡ್ಡ ಗಾಯವಲ್ಲ' ಎಂದು ಮನೆಯಲ್ಲೇ ಮುಲಾಮು ಹಚ್ಚಿಕೊಳ್ಳುವ ಧೈರ್ಯವಂತರು ಮುಂದೆ ಪಶ್ಚಾತ್ತಾಪ ಪಡುತ್ತಾರೆ. ಬಂಧನವಾಗಿದ್ದರೆ ವೈದ್ಯಾಧಿಕಾರಿಯಿಂದ ಪರೀಕ್ಷೆ ಮಾಡಿಸುವುದು ಕಾನೂನಿನಂತೆ ಆಗಲೇಬೇಕಾದ ಕೆಲಸ. ಅಲ್ಲಿ ಪ್ರತಿಯೊಂದು ಗಾಯವನ್ನೂ ತೋರಿಸಿ ಬರೆಸಬೇಕು, ಮಾರನೆಯ ದಿನ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗಲೂ ಹೇಳಬೇಕು.

ಇಷ್ಟು ಮಾಡಿದವರೂ ಎಡವುವುದು ಮಾತಿನಲ್ಲಿ. ಮುಂಬಯಿಯ ಅತ್ಯಂತ ಪ್ರಸಿದ್ಧ ಗುಂಡೇಟಿನ ಮೊಕದ್ದಮೆಯೇ ಇದಕ್ಕೆ ಪಾಠ. 1959ರ ಏಪ್ರಿಲ್ 27ರಂದು ನೌಕಾಪಡೆಯ ಅಧಿಕಾರಿ ಕೆ. ಎಂ. ನಾನಾವತಿ ತನ್ನ ಪತ್ನಿಯ ಸ್ನೇಹಿತನನ್ನು ಗುಂಡಿಟ್ಟು ಕೊಂದ ಪ್ರಕರಣ ಸಿನಿಮಾಗಳಿಗೆ ವಸ್ತುವಾಗಿ ಎಲ್ಲರಿಗೂ ಗೊತ್ತು. ಕೈಕೈ ಮಿಲಾಯಿಸಿದಾಗ ರಿವಾಲ್ವರ್ ಆಕಸ್ಮಿಕವಾಗಿ ಸಿಡಿಯಿತು ಎಂಬುದು ಆತನ ವಾದ. ಜ್ಯೂರಿ 8-1 ಬಹುಮತದಿಂದ ನಿರ್ದೋಷಿ ಎಂದಿತು. ಆದರೆ ಮೇಲಿನ ನ್ಯಾಯಾಲಯಗಳು ಒಪ್ಪಲಿಲ್ಲ. 1961ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಲ್ಲಿ ಲೆಕ್ಕಕ್ಕೆ ಬಂದ ಸಂಗತಿಗಳನ್ನು ನೋಡಬೇಕು. ಹೊಡೆದಾಟ ನಡೆದಿದ್ದರೆ ಸ್ನಾನ ಮುಗಿಸಿ ಬಂದಿದ್ದ ವ್ಯಕ್ತಿಯ ಸೊಂಟದ ಟವೆಲು ಹಾಗೆಯೇ ಉಳಿದದ್ದು ಹೇಗೆ? ತಾನಾಗಿ ಸಿಡಿದದ್ದಾದರೆ ಮೂರು ಗುಂಡು ಏಕೆ? ಅದಕ್ಕಿಂತ ಮುಖ್ಯವಾಗಿ, ಅಲ್ಲಿಂದ ಹೊರಬಂದು ಪೊಲೀಸರಿಗೆ ಶರಣಾಗುವವರೆಗೆ ಎದುರಾದ ಯಾರಿಗೂ 'ಇದು ಆಕಸ್ಮಿಕ' ಎಂದು ಆತ ಹೇಳಿರಲಿಲ್ಲ. ಘಟನೆಯ ನಂತರದ ನಡವಳಿಕೆ, ಆಡಿದ ಮಾತು, ಆಡದೆ ಬಿಟ್ಟ ಮಾತು ಎಲ್ಲವೂ ಸಾಕ್ಷ್ಯವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂಬುದನ್ನು ಹಲವರು ಬಲ್ಲರು. ನೆರೆಯವನಿಗೆ, ಭಾವನಿಗೆ, ಸಂಘದ ಕಾರ್ಯದರ್ಶಿಗೆ ಹೇಳಿದ ಮಾತಿಗೆ ಈ ರಕ್ಷಣೆ ಇಲ್ಲ ಎಂಬುದು ಗೊತ್ತಿರುವವರು ಕಡಿಮೆ. 'ಬಿಡಲಿಲ್ಲ, ಹಾಕಿಯೇ ಬಿಟ್ಟೆ' ಎಂದು ವಾಟ್ಸಾಪ್ ಗುಂಪಿಗೆ ಕಳುಹಿಸಿದ ಒಂದು ಧ್ವನಿ ಸಂದೇಶ ಸಾಕು, ಹೆದರಿ ಹೊಡೆದದ್ದು ಸೇಡಿನಿಂದ ಹೊಡೆದದ್ದಾಗಿ ಕಾಣಲು. ಭಯದಿಂದ ನಡುಗುತ್ತಿದ್ದವರೂ ಮರುದಿನ ಜನ ಮುತ್ತಿಕೊಂಡಾಗ ಶೂರರಂತೆ ಮಾತಾಡುವುದು ಮನುಷ್ಯಸಹಜ. ಮೊಕದ್ದಮೆ ಮುಗಿಯುವವರೆಗೆ ಆ ಶೌರ್ಯವನ್ನು ಕಟ್ಟಿಡುವುದು ಲೇಸು. ಪತ್ರಿಕೆ, ಟಿವಿಯವರಿಗೂ ಇದೇ ಉತ್ತರ.

ಹಾಗಿದ್ದರೆ ಪೊಲೀಸರ ಮುಂದೆ ಬಾಯಿ ಮುಚ್ಚಿ ಕೂರಬೇಕೆ? ಪೂರ್ತಿ ಮೌನವೂ ಸರಿಯಲ್ಲ, ಪೂರ್ತಿ ಹರಟೆಯೂ ಸರಿಯಲ್ಲ. ದಾಳಿ ನಡೆದದ್ದು, ಆತ್ಮರಕ್ಷಣೆಗಾಗಿ ಹೊಡೆದದ್ದು, ದಾಳಿಕೋರರು ಎಷ್ಟು ಮಂದಿ, ಯಾವ ಕಡೆ ಓಡಿದರು, ಆಯುಧ ಎಲ್ಲಿದೆ, ಯಾರು ನೋಡಿದರು ಎಂಬುದನ್ನು ಮೊದಲಿಗೇ ಹೇಳಬೇಕು. ಎಷ್ಟು ಸೆಕೆಂಡು, ಎಷ್ಟು ಅಡಿ ದೂರ, ಯಾವ ಗುಂಡು ಮೊದಲು ಎಂಬ ವಿವರಗಳನ್ನು ತಲೆ ತಿರುಗುತ್ತಿರುವ ಹೊತ್ತಿನಲ್ಲಿ ಊಹಿಸಿ ಹೇಳಿದರೆ ಮುಂದೆ ಅದೇ ವಿರೋಧಾಭಾಸವಾಗುತ್ತದೆ. 'ವಕೀಲರು ಬಂದ ಮೇಲೆ ವಿವರವಾಗಿ ಹೇಳುತ್ತೇನೆ' ಎನ್ನುವುದು ಉದ್ಧಟತನವಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು ಸಂವಿಧಾನದ 20ನೇ ವಿಧಿಯೇ ಹೇಳುತ್ತದೆ, ತನಗೆ ಬೇಕಾದ ವಕೀಲರ ಸಲಹೆ ಪಡೆಯುವ ಹಕ್ಕನ್ನು 22ನೇ ವಿಧಿ ಕೊಟ್ಟಿದೆ. ವಿಚಾರಣೆಯ ಪೂರ್ತಿ ಹೊತ್ತು ಅಲ್ಲವಾದರೂ ಅದರ ನಡುವೆ ವಕೀಲರನ್ನು ಭೇಟಿಯಾಗಲು ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಂ ಅವಕಾಶ ನೀಡುತ್ತದೆ.

ಹೊರನಾಡ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕು ಇದೆ. ಮಹಾರಾಷ್ಟ್ರದಲ್ಲಿ ಪಂಚನಾಮೆ, ಹೇಳಿಕೆ ಎಲ್ಲ ಮರಾಠಿಯಲ್ಲಿ. ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು. 30 ವರ್ಷ ಮುಂಬಯಿಯಲ್ಲಿ ಬಾಳಿದವರು ಮರಾಠಿ ಸರಾಗವಾಗಿ ಮಾತಾಡುತ್ತಾರೆ, ಆದರೆ ಕೈಬರಹದ ಠಾಣೆಯ ಮರಾಠಿಯನ್ನು ಓದಿ ಅರ್ಥ ಮಾಡಿಕೊಳ್ಳುವುದು ಬೇರೆ ವಿದ್ಯೆ. ತಿಳಿಯದ ಕಾಗದಕ್ಕೆ ಸಹಿ ಹಾಕುವ ಮೊದಲು ಓದಿ ಹೇಳಿಸಿಕೊಳ್ಳಬೇಕು. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಪಡೆಯುವಂತೆಯೇ ಇಲ್ಲ ಎಂಬುದು ಕಾನೂನು. ಸಹಿ ಬೇಕಾಗುವುದು ತನ್ನದೇ ದೂರಿಗೆ ಮತ್ತು ಬಂಧನದ ಮೆಮೊದಂತಹ ಕಾಗದಗಳಿಗೆ.

ತನ್ನದೇ ದೂರು ಎನ್ನುವುದು ಬಹಳ ಮುಖ್ಯ. ಸತ್ತವನ ಕಡೆಯವರು ಕೊಟ್ಟ ದೂರೊಂದೇ ಕಡತದಲ್ಲಿದ್ದರೆ ಕತೆ ಅವರದೇ ಆಗುತ್ತದೆ. ಒಂದೇ ಘಟನೆಗೆ ಎದುರು ಪಕ್ಷವೂ ದೂರು ಕೊಡಬಹುದು ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2004ರ ಉಪ್ಕಾರ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ದರೋಡೆ, ಅತಿಕ್ರಮಣ, ಕೊಲೆಯತ್ನದ ದೂರನ್ನು ಅದೇ ದಿನ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ತಡವಾದ ಪ್ರತಿ ದಿನವೂ 'ಆಮೇಲೆ ಹೊಳೆದ ಕತೆ' ಎಂಬ ವಾದಕ್ಕೆ ದಾರಿ.

ಬಂಧನವಾದರೆ ಕಾರಣ ತಿಳಿಸಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದ ಭೀತಿಯಿದ್ದರೆ ನಿರೀಕ್ಷಣಾ ಜಾಮೀನಿಗೆ 482ನೇ ಕಲಂ, ಬಂಧನವಾದ ಮೇಲೆ ಸೆಷನ್ಸ್ ಅಥವಾ ಉಚ್ಚ ನ್ಯಾಯಾಲಯದಲ್ಲಿ 483ನೇ ಕಲಂ. ಕೊಲೆ ಪ್ರಕರಣದಲ್ಲಿ 90 ದಿನಗಳೊಳಗೆ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಜಾಮೀನಿನ ಮೊದಲ ಅರ್ಜಿಯಲ್ಲೇ ಗಾಯದ ದಾಖಲೆ, 112ರ ಕರೆಯ ವಿವರ, ತನ್ನ ದೂರಿನ ಪ್ರತಿ ಇವು ಇದ್ದರೆ ನ್ಯಾಯಾಧೀಶರ ಮುಂದೆ ಹೇಳಲು ವಕೀಲರಿಗೆ ಏನಾದರೂ ಇರುತ್ತದೆ. ವಕೀಲರೂ ಕ್ರಿಮಿನಲ್ ಮೊಕದ್ದಮೆ ನಡೆಸುವವರೇ ಆಗಿರಬೇಕು. ಹೊಟೇಲಿನ ಲೀಸ್ ಅಗ್ರಿಮೆಂಟ್ ಮಾಡಿಕೊಟ್ಟ ಪರಿಚಯದ ವಕೀಲರು ಒಳ್ಳೆಯವರೇ ಇರಬಹುದು, ಈ ಕೆಲಸ ಅವರದಲ್ಲ. ಹಣವಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಇದೆ, ದೂರವಾಣಿ 15100. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ ಆದಾಯದ ಮಿತಿಯೂ ಇಲ್ಲ.

ಆಯುಧದ ಕಾಗದಪತ್ರ ಸರಿಯಿಲ್ಲದಿದ್ದರೆ ಇಷ್ಟೂ ಶ್ರಮ ಅರ್ಧ ವ್ಯರ್ಥ. ಕೊಲೆಯ ಆರೋಪದಿಂದ ಆತ್ಮರಕ್ಷಣೆ ಬಿಡಿಸಬಹುದು, ಆದರೆ ಪರವಾನಿಗೆ ಇಲ್ಲದ ಆಯುಧ ಇಟ್ಟುಕೊಂಡ ಆರೋಪದಿಂದ ಅದು ಬಿಡಿಸುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಮೊಕದ್ದಮೆ ತನ್ನ ದಾರಿ ತಾನು ಹಿಡಿಯುತ್ತದೆ. 2019ರ ತಿದ್ದುಪಡಿಯ ನಂತರ ಪರವಾನಿಗೆಯ ಅವಧಿ 5 ವರ್ಷ, ಒಬ್ಬರಿಗೆ ಗರಿಷ್ಠ ಎರಡು ಆಯುಧ. ನವೀಕರಣದ ದಿನ ಮರೆತವರು, ತೀರಿಕೊಂಡ ತಂದೆಯ ಹೆಸರಿನ ಕೋವಿಯನ್ನು ಹಾಗೆಯೇ ಅಟ್ಟದಲ್ಲಿಟ್ಟವರು ಈಗಲೇ ಎಚ್ಚೆತ್ತುಕೊಳ್ಳಬೇಕು. ಪರವಾನಿಗೆ ಯಾವ ಪ್ರದೇಶಕ್ಕೆ ಎಂಬುದನ್ನೂ ನೋಡಬೇಕು. ಒಂದು ಜಿಲ್ಲೆಗೋ ರಾಜ್ಯಕ್ಕೋ ಸೀಮಿತವಾದದ್ದನ್ನು ಕಾರಿನಲ್ಲಿಟ್ಟು ಮುಂಬಯಿಯಿಂದ ಮಂಗಳೂರಿಗೆ ಹೊರಡುವುದು ತಪ್ಪು. ಧಣಿಯ ಪಿಸ್ತೂಲನ್ನು ಮ್ಯಾನೇಜರನ ಡ್ರಾವರಿನಲ್ಲಿಡುವುದು, ವಾಚ್‌ಮನ್ ಕೈಗೆ ಕೊಡುವುದು ಇನ್ನೂ ದೊಡ್ಡ ತಪ್ಪು. ಮದುವೆಯಲ್ಲಿ ಸಂಭ್ರಮಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸಿದರೂ ಅದೇ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಿಗೆಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷ ವಿಸ್ತರಿಸಿತು. ಅದು ಆಯುಧ ಹೊಂದುವುದಕ್ಕೆ ಮಾತ್ರ. ಗುಂಡು ಹಾರಿದ ಮೇಲೆ ಮಡಿಕೇರಿಯಲ್ಲೂ ಮಾಟುಂಗಾದಲ್ಲೂ ಕೇಳುವ ಪ್ರಶ್ನೆ ಒಂದೇ.

ಮನೆಯವರ ಪಾಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಟೇಲಿನ ಲೈಸೆನ್ಸು, ಬ್ಯಾಂಕಿನ ಚೆಕ್ಕು ಎಲ್ಲವೂ ಒಬ್ಬರ ಹೆಸರಿನಲ್ಲೇ ಇದ್ದು ಅವರು ಮೂರು ತಿಂಗಳು ಒಳಗಿದ್ದರೆ ಕೆಲಸಗಾರರಿಗೆ ಸಂಬಳವಿಲ್ಲ, ಮಕ್ಕಳ ಶುಲ್ಕವಿಲ್ಲ. ಪತ್ನಿಗೋ ತಮ್ಮನಿಗೋ ಸಹಿಯ ಅಧಿಕಾರ ಕೊಟ್ಟಿಡುವುದು ಅಪಶಕುನವಲ್ಲ. ಕಾಯಿಲೆ ಬಿದ್ದರೂ ಅದು ಬೇಕಾಗುತ್ತದೆ. ಒಂದು ಜೀವ ತೆಗೆದ ಭಾರ ಕಾನೂನು ಬಿಟ್ಟರೂ ಮನಸ್ಸನ್ನು ಬಿಡುವುದಿಲ್ಲ. ರಾತ್ರಿ ನಿದ್ದೆ ಬಾರದವನಿಗೆ ವೈದ್ಯರ ಸಹಾಯ ಬೇಕು, 'ಗಂಡಸಲ್ಲವೇ' ಎಂಬ ಮಾತಿನಿಂದ ಅದು ವಾಸಿಯಾಗುವುದಿಲ್ಲ. ಇದನ್ನೆಲ್ಲ ಯೋಚಿಸಿ, ಗಟ್ಟಿ ಬಾಗಿಲು, ಒಳ್ಳೆಯ ದೀಪ, ಕ್ಯಾಮರಾ, ಗಲ್ಲಾದಲ್ಲಿ ಕಡಿಮೆ ನಗದು ಇಷ್ಟೇ ಸಾಕು ಎಂದು ಪರವಾನಿಗೆ ಮರಳಿಸುವವರನ್ನು ಹೇಡಿಗಳೆನ್ನಬೇಕಿಲ್ಲ.

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ನ್ಯಾಯವಾದಿಗಳಿಗೆ ಕೊರತೆಯಿಲ್ಲ. ಆರೋಗ್ಯ ಶಿಬಿರ, ವಿದ್ಯಾರ್ಥಿವೇತನ ವಿತರಣೆಯ ನಡುವೆ ವರ್ಷಕ್ಕೊಂದು ಸಂಜೆಯನ್ನು ಇಂತಹ ವಿಷಯಕ್ಕೆ ಮೀಸಲಿಡುವುದು ಕಷ್ಟವೇನಲ್ಲ. ಆಯುಧ ಇರುವವರಷ್ಟೇ ಬರಬೇಕೆಂದೂ ಇಲ್ಲ. ಕೋವಿಯ ಬದಲು ದೊಣ್ಣೆ ಎತ್ತಿದರೂ, ಅಡುಗೆಮನೆಯ ಕತ್ತಿ ಹಿಡಿದರೂ ಕಲಮುಗಳು ಇವೇ. ಒಂದು ಚೀಟಿಯಲ್ಲಿ 112, 15100, ರಾತ್ರಿ ಹನ್ನೆರಡಕ್ಕೂ ಫೋನ್ ಎತ್ತುವ ಇಬ್ಬರು ಕ್ರಿಮಿನಲ್ ವಕೀಲರ ಸಂಖ್ಯೆ, ಮರಾಠಿ ಓದಬಲ್ಲ ಒಬ್ಬ ಕಾರ್ಯಕರ್ತರ ಸಂಖ್ಯೆ ಮುದ್ರಿಸಿ ಸದಸ್ಯತ್ವದ ಕಾರ್ಡಿನ ಹಿಂದೆ ಅಂಟಿಸಲು ತಗಲುವ ಖರ್ಚು ಒಂದು ಹಾರ-ಶಾಲಿನಷ್ಟೂ ಆಗದು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲೇ ಇದನ್ನು ಕೈಗೆತ್ತಿಕೊಳ್ಳಬಹುದು.